ಫ್ಲಾಸ್ಕಿನ ನೀರು ಯಾವೂರದು?

ಮೂವತ್ತೊಂದು ವರ್ಷ ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ಈಗ ಮನೆಯಲ್ಲಿ ಕೂತಿದ್ದೇನೆ. ಕೂತಲ್ಲಿಗೇ ಬಂದು ಕೇಳುವವರಿದ್ದಾರೆ: ‘ಸೇತುವೆ ಕಟ್ಟುವ ಹುಡುಗನಿಗೆ, ಕಂಪ್ಯೂಟರ್ ಮುಂದೆ ಕೂರುವ ಹುಡುಗಿಗೆ ನಿಮ್ಮ ಕೆಮಿಸ್ಟ್ರಿ ಯಾಕೆ ಸ್ವಾಮಿ?’ ಈ ಪ್ರಶ್ನೆಗೆ ಬಹಳ ಕಾಲ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ. ಸಿಟ್ಟು ಈಗಲೂ ಇದೆ. ಆದರೆ ಅದು ಕೇಳುವವರ ಮೇಲಲ್ಲ.

ಒಮ್ಮೆ ಬೇರೆ ಊರಿನ ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆಯ ಪರೀಕ್ಷಕನಾಗಿ ಹೋಗಿದ್ದೆ. ಒಬ್ಬ ಹುಡುಗನಿಗೆ ನೀರಿನ ಗಡಸುತನ ಕಂಡುಹಿಡಿಯುವ ಪ್ರಯೋಗ ಬಂದಿತ್ತು. ಬ್ಯೂರೆಟ್ಟಿನಲ್ಲಿ ಇ.ಡಿ.ಟಿ.ಎ. ದ್ರಾವಣ, ಫ್ಲಾಸ್ಕಿನಲ್ಲಿ 25 ಎಂ.ಎಲ್. ನೀರು. ಸೂಚಕ ಹಾಕಿದರೆ ದ್ರಾಕ್ಷಾರಸದ ಕೆಂಪು, ಮುಗಿದಾಗ ನೀಲಿ. ಹುಡುಗ ಕೆಲಸ ಮುಗಿಸಿ ಕೈಕಟ್ಟಿ ನಿಂತಿದ್ದ.

‘ಎಷ್ಟು ಬಂತಪ್ಪ?’

‘ಲೀಟರಿಗೆ 400 ಮಿಲಿಗ್ರಾಂ ಸಾರ್, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ.’

‘ಈ ನೀರು ಯಾವೂರದು?’

‘ಅಟೆಂಡರ್ ಕೊಟ್ಟಿದ್ದು ಸಾರ್.’

‘ಇದನ್ನು ಕುಡಿಯಬಹುದೋ?’

ಅವನು ಫ್ಲಾಸ್ಕನ್ನು ನೋಡಿ, ‘ಇಲ್ಲ ಸಾರ್, ನೀಲಿಯಾಗಿದೆ’ ಎಂದ.

ನಗು ಬಂತು. ನಿಮ್ಮ ಮನೆಯ ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತದೆಯೇ ಎಂದು ಕೇಳಿದೆ. ‘ಕಟ್ಟುತ್ತೆ ಸಾರ್, ಬೋರ್‌ವೆಲ್ ನೀರು. ಅಮ್ಮ ಆಸಿಡ್ ಹಾಕಿ ಉಜ್ಜುತ್ತಾರೆ.’ ಯಾಕೆ ಕಟ್ಟುತ್ತದೆ? ಮೌನ. ಅವನ ರೆಕಾರ್ಡ್ ಪುಸ್ತಕ ತೆರೆದರೆ, ಬೈಕಾರ್ಬೊನೇಟು ಒಡೆದು ಕಾರ್ಬೊನೇಟಾಗಿ ಕೆಳಗಿಳಿಯುವ ಸಮೀಕರಣ ಎರಡು ಬಣ್ಣದ ಶಾಯಿಯಲ್ಲಿ ಮುದ್ದಾಗಿ ಬರೆದಿತ್ತು. ಬಕೆಟ್ಟು ಮನೆಯಲ್ಲಿ, ಸಮೀಕರಣ ಪುಸ್ತಕದಲ್ಲಿ. ಎರಡಕ್ಕೂ ಜನ್ಮದಲ್ಲಿ ಭೇಟಿಯಾಗಿರಲಿಲ್ಲ. ಆ ಬ್ಯಾಚಿನ ಎಲ್ಲರ ರೀಡಿಂಗೂ ಒಂದೇ, 10 ಎಂ.ಎಲ್. ಎಲ್ಲರಿಗೂ ಅಂಕ ಕೊಟ್ಟು, ಕಾಫಿ ಕುಡಿದು ಎದ್ದು ಬಂದೆ.

ಪುಸ್ತಕದ ಬದನೆಕಾಯಿ ಎಂದು ಆ ಹುಡುಗನನ್ನು ಹಂಗಿಸುವುದು ಸುಲಭ. ಆದರೆ ಆ ಬದನೆಕಾಯಿ ಬೆಳೆದ ತೋಟ ನನ್ನಂಥವರದು. ಇದನ್ನು ಇನ್ನೊಂದು ಕಥೆಯಿಂದ ಹೇಳಬೇಕು.

ನಮ್ಮ ಮನೆ ಕಟ್ಟಿಸಿದ ಇಂಜಿನಿಯರು ನನ್ನದೇ ಹಳೆಯ ವಿದ್ಯಾರ್ಥಿ. ‘ಸಾರ್, ನಿಮ್ಮ ಮನೆ, ನನ್ನ ಮನೆ ಇದ್ದಂಗೆ’ ಎಂದು ನಿಂತು ಮಾಡಿಸಿದ. ಸೋಲಾರ್ ಹೀಟರಿನಿಂದ ಇಳಿಯುವ ತಾಮ್ರದ ಕೊಳವೆಯನ್ನು ನೇರವಾಗಿ ಜಿ.ಐ. ಪೈಪಿಗೆ ಕೂಡಿಸಿದ್ದರು. ಎರಡನೆಯ ವರ್ಷಕ್ಕೆ ಕೂಡಿಸಿದ ಜಾಗದ ಹತ್ತಿರ ಗೋಡೆ ಒದ್ದೆಯಾಯಿತು. ಒಡೆದು ನೋಡಿದರೆ ಜಿ.ಐ. ಪೈಪು ಹಪ್ಪಳದಂತೆ ಪುಡಿಯಾಗುತ್ತಿದೆ. ತಾಮ್ರ ಮಾತ್ರ ಹೊಳೆಯುತ್ತಿದೆ. ತಾಮ್ರದ ವಿಭವ ಧನ 0.34 ವೋಲ್ಟು, ಸತುವಿನದು ಋಣ 0.76. ಎರಡನ್ನೂ ಮುಟ್ಟಿಸಿ ನಡುವೆ ಉಪ್ಪಿನಂಶದ ಬಿಸಿನೀರು ಹರಿಸಿದರೆ ಅದು ಪೈಪಲ್ಲ, ಬ್ಯಾಟರಿ. ಮೊದಲು ಲೇಪದ ಸತು ಕರಗುತ್ತದೆ, ಆಮೇಲೆ ಒಳಗಿನ ಕಬ್ಬಿಣ. ನಡುವೆ ವಿದ್ಯುತ್ ಹರಿಯದ ಒಂದು ಜೋಡಣೆ ಹಾಕಿದ್ದರೆ ಸಾಕಿತ್ತು.

ಅವನನ್ನು ಕರೆಸಿ ತೋರಿಸಿದೆ. ಅವನು ಪೆಚ್ಚಾಗಿ ನಿಂತು, ‘ಸಾರ್, ಗ್ಯಾಲ್ವಾನಿಕ್ ಕೊರೋಷನ್! ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ನೀವೇ ಇಂಪಾರ್ಟೆಂಟ್ ಅಂತ ಗುರುತು ಹಾಕಿಸಿದ್ದಿರಿ’ ಎಂದ. ನಿಜ. ಪ್ರತಿ ವರ್ಷ ಪರೀಕ್ಷೆಗೆ ಹದಿನೈದು ದಿನ ಮುಂಚೆ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಬರೆಸುವುದರಲ್ಲಿ ನಾನು ಪ್ರಸಿದ್ಧ. ನನ್ನ ಫಲಿತಾಂಶ ನೋಡಿ ಆಡಳಿತ ಮಂಡಳಿಯವರು ಶಾಲು ಹೊದಿಸಿದ್ದರು. ಆ ಶಾಲಿನ ಬೆಲೆ ಎಷ್ಟೆಂದು ಆ ಗೋಡೆ ಒಡೆದ ದಿನ ತಿಳಿಯಿತು.

ನಮ್ಮ ಮನೆಯಲ್ಲಿ ಹೋದದ್ದು ಒಂದು ಪೈಪು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಕುಸಿದು 135 ಜನ ಸತ್ತರು. ದುರಸ್ತಿ ಮುಗಿಸಿ ತೆರೆದು ಕೆಲವೇ ದಿನಗಳಾಗಿದ್ದವು. ಮುಖ್ಯ ಕೇಬಲ್ಲೊಂದರ 49 ತಂತಿಗಳಲ್ಲಿ 22 ತುಕ್ಕು ತಿಂದಿದ್ದವು ಎಂದು ತನಿಖಾ ತಂಡ ಹೇಳಿತು. ಹಲಗೆ ಹೊಸದು, ಕೇಬಲ್ಲು ಹಳೆಯದು. ಆ ದುರಂತಕ್ಕೆ ಕಾರಣಗಳು ಇನ್ನೂ ಹಲವು. ದುರಾಸೆಯೂ ಇತ್ತು, ಉಡಾಫೆಯೂ ಇತ್ತು. ಆದರೆ ತುಕ್ಕೆಂದರೆ ಎಂಟು ಅಂಕದ ಪ್ರಶ್ನೆ ಎಂದು ಕಲಿತವನ ಕಣ್ಣಿಗೆ ತಂತಿಯ ಮೇಲಿನ ತುಕ್ಕು ಬರೀ ಬಣ್ಣದಂತೆ ಕಂಡರೆ ಆಶ್ಚರ್ಯವೇನು?

ಇನ್ನು ನೀರಿಗೆ ಬರೋಣ. ಕೋಲಾರ, ಪಾವಗಡದ ಕಡೆ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದು, ದೊಡ್ಡವರ ಬೆನ್ನು ಬಿಲ್ಲು. ಇದರ ಬೇರು ಎಲ್ಲಿದೆ ಗೊತ್ತೇ? ಬಂಡೆಯ ಖನಿಜದಲ್ಲಿ, ಮತ್ತೆ ನಮ್ಮ ಮಕ್ಕಳು ಪಿ.ಯು.ಸಿ.ಯಲ್ಲೇ ಉರುಹೊಡೆದ ‘ಸಾಲ್ಯುಬಿಲಿಟಿ ಪ್ರಾಡಕ್ಟ್’ ಎಂಬ ಒಂದು ಸಾಲಿನ ಸೂತ್ರದಲ್ಲಿ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಕ್ಯಾಲ್ಸಿಯಂ ಇಳಿದಂತೆ ಫ್ಲೋರೈಡಿಗೆ ಕಡಿವಾಣ ತಪ್ಪುತ್ತದೆ. ಅಂದರೆ ಸೋಪು ಚೆನ್ನಾಗಿ ನೊರೆ ಬರುವ ಮೆದು ನೀರು ಕೆಲವು ಕಡೆ ಗಡಸು ನೀರಿಗಿಂತ ಅಪಾಯಕಾರಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಊರಿನ ನೀರಿನ ಯೋಜನೆಗೆ ಸಹಿ ಹಾಕುವ ಇಂಜಿನಿಯರಿಗೆ ಇದು ತಿಳಿದಿರಬೇಡವೇ?

ಕಂಪ್ಯೂಟರ್ ಹುಡುಗಿಯ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಅವಳ ಲ್ಯಾಪ್‌ಟಾಪು, ಮೊಬೈಲು ಎರಡರ ಜೀವವೂ ಲಿಥಿಯಂ ಬ್ಯಾಟರಿಯಲ್ಲಿದೆ. ಅದನ್ನು ಕಂಡುಕೊಟ್ಟ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರಲ್ಲಿ ನೊಬೆಲ್ ಬಂದದ್ದು ರಸಾಯನಶಾಸ್ತ್ರದಲ್ಲಿ.

2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 14 ವಿಷಯಗಳ ಪಟ್ಟಿ ಕೊಟ್ಟು, ಅದರಲ್ಲಿ ಯಾವ ಮೂರನ್ನು ಓದಿದ್ದರೂ ಇಂಜಿನಿಯರಿಂಗ್ ಸೇರಬಹುದು ಎಂದಾಗ ನನ್ನ ಜೊತೆಯವರೆಲ್ಲ ಹುಯ್ಯಲಿಟ್ಟರು. ರಸಾಯನಶಾಸ್ತ್ರ ಸತ್ತಿತು ಎಂದರು. ನಾನು ಹುಯ್ಯಲಿಡಲಿಲ್ಲ. ಅದನ್ನು ಯಾರೂ ಹೊರಗಿನಿಂದ ಬಂದು ಕೊಲ್ಲಬೇಕಾಗಿಲ್ಲ. ನಾವು ಮೇಷ್ಟ್ರುಗಳೇ ಪಟ್ಟಿ ಬರೆಸಿ, ಕಳ್ಳ ರೀಡಿಂಗಿಗೆ ಸಹಿ ಹಾಕಿ, ವರ್ಷಕ್ಕೆರಡು ಸಲ ಆ ಕೆಲಸ ಮಾಡುತ್ತಿದ್ದೆವು. ಪಠ್ಯದಲ್ಲಿ ತುಕ್ಕಿದೆ, ಬ್ಯಾಟರಿಯಿದೆ, ನೀರಿದೆ. ಪಠ್ಯವನ್ನು ಬೈಯಲಾರೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಮಿತಿ ಬೇಡ. ಪ್ರತಿ ಹುಡುಗ, ಹುಡುಗಿ ತನ್ನ ಮನೆಯ ನೀರನ್ನು ಒಂದು ಬಾಟಲಿಯಲ್ಲಿ ತರಲಿ. ಆಗ ಅರವತ್ತು ಜನಕ್ಕೆ ಅರವತ್ತು ಉತ್ತರ ಬರುತ್ತದೆ, ನಕಲು ತಾನಾಗಿ ನಿಲ್ಲುತ್ತದೆ. ಬಂದ ಉತ್ತರವನ್ನು ಊರಿನ ಹೆಸರಿನೊಂದಿಗೆ ಗೋಡೆಯ ಮೇಲೆ ಬರೆಯಲಿ. ಪರೀಕ್ಷೆಯಲ್ಲಿ ಪುಸ್ತಕ ಕೈಗೆ ಕೊಟ್ಟು, ಮುರಿದ ಪೈಪೊಂದನ್ನು ಮುಂದಿಟ್ಟು ‘ಇದು ಯಾಕೆ ಹೀಗಾಯಿತು?’ ಎಂದು ಕೇಳಲಿ. ಮೊದಲ ವರ್ಷ ಅರ್ಧಕ್ಕರ್ಧ ಫೇಲಾಗುತ್ತಾರೆ ಎನ್ನುತ್ತೀರಾ? ಆಗಲಿ. ಸೇತುವೆಯ ಮೇಲೆ ಜನ ನಿಂತಿರುವಾಗ ಫೇಲಾಗುವುದಕ್ಕಿಂತ ವಾಸಿ.

ನಮ್ಮ ಮನೆಯ ಆ ಪೈಪಿನ ತುಂಡನ್ನು ನಾನು ಎಸೆದಿಲ್ಲ. ಯಾವುದಾದರೂ ಕಾಲೇಜಿನ ಮೇಷ್ಟ್ರು ಬಂದು ಕೇಳಿದರೆ, ಬದಲಿಗೆ ಆ ಶಾಲನ್ನೂ ಸೇರಿಸಿ ಕೊಟ್ಟುಬಿಡುತ್ತೇನೆ. ಪೈಪನ್ನು ಕ್ಲಾಸಿಗೆ ಒಯ್ಯಲಿ. ಶಾಲನ್ನು ಬ್ಯೂರೆಟ್ ಒರೆಸಲು ಇಟ್ಟುಕೊಳ್ಳಲಿ.