ಮನವಿ ಪತ್ರ: ಸದನ ಸಮಿತಿಗಳ ವಿಚಾರಣೆಯಲ್ಲಿ ಕಾಲುವೆಯ ಕೊನೆಭಾಗದ ರೈತರ ಮಾತನ್ನೂ ಕೇಳುವ ಬಗ್ಗೆ

ಇವರಿಗೆ,
ಸನ್ಮಾನ್ಯ ಸಭಾಧ್ಯಕ್ಷರು,
ಕರ್ನಾಟಕ ವಿಧಾನಸಭೆ,
ವಿಧಾನಸೌಧ, ಬೆಂಗಳೂರು.

ಇವರಿಂದ,
ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು,
ಮಾನ್ವಿ ಮತ್ತು ಸಿರವಾರ ತಾಲೂಕು, ರಾಯಚೂರು ಜಿಲ್ಲೆ.

ಪ್ರತಿ: ಸನ್ಮಾನ್ಯ ಸಭಾಪತಿಗಳು, ಕರ್ನಾಟಕ ವಿಧಾನ ಪರಿಷತ್ತು.

ಮಾನ್ಯರೇ,

ಸದನದ ಚರ್ಚೆಯನ್ನು ನಾವು ಊರಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡುತ್ತೇವೆ. ಅಧಿವೇಶನ ಮುಗಿದ ಮೇಲೂ ವರ್ಷವಿಡೀ ನಡೆಯುವ ಸಮಿತಿಗಳ ಕೆಲಸ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಂವಿಧಾನದ 151ನೇ ಅನುಚ್ಛೇದದಂತೆ ರಾಜ್ಯಪಾಲರ ಮೂಲಕ ಸದನಕ್ಕೆ ಬರುವ ಲೆಕ್ಕಪರಿಶೋಧನಾ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಕಂಡಿಕೆ ಕಂಡಿಕೆಯಾಗಿ ಬಿಡಿಸಿ ನೋಡುತ್ತದೆ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತಿನ ಬೆನ್ನು ಹತ್ತುವುದು ಭರವಸೆಗಳ ಸಮಿತಿ. ಕಾಯ್ದೆಯ ಅಡಿಯಲ್ಲಿ ಇಲಾಖೆಗಳು ಮಾಡಿಕೊಳ್ಳುವ ನಿಯಮಗಳನ್ನು ಅಧೀನ ಶಾಸನ ರಚನಾ ಸಮಿತಿ ಓದುತ್ತದೆ. ಜನರ ಅಹವಾಲಿಗೆಂದೇ ಅರ್ಜಿಗಳ ಸಮಿತಿ ಇದೆ. ಕ್ಯಾಮೆರಾ ಇಲ್ಲದ ಆ ಕೋಣೆಗಳಲ್ಲಿ ಪಕ್ಷ ಮರೆತು ಪ್ರಶ್ನೆ ಕೇಳುವ ಶಾಸಕರಿದ್ದಾರೆ. ಅವರ ಬಗ್ಗೆ ನಮಗೆ ಗೌರವವಿದೆ, ಭರವಸೆಯೂ ಇದೆ. ಅದಕ್ಕಾಗಿಯೇ ಈ ಮನವಿ.

ವಿಚಾರಣೆ ನಡೆಯುವ ಬಗೆ ತಮಗೆ ತಿಳಿದದ್ದೇ. ಸಚಿವಾಲಯ ಪ್ರಶ್ನಾವಳಿ ಕಳಿಸುತ್ತದೆ, ಇಲಾಖೆ ಲಿಖಿತ ಉತ್ತರ ಕೊಡುತ್ತದೆ, ನಿಗದಿಯಾದ ದಿನ ಹಿರಿಯ ಅಧಿಕಾರಿಗಳು ಕಡತ ಹಿಡಿದು ಬಂದು ಸಾಕ್ಷ್ಯ ನುಡಿಯುತ್ತಾರೆ. ಅಲ್ಲಿ ಪ್ರಶ್ನೆ ಜನಪ್ರತಿನಿಧಿಯದು, ಉತ್ತರ ಇಲಾಖೆಯದು. ಯಾರ ಹೊಲದ ವಿಷಯ ಚರ್ಚೆಯಾಗುತ್ತಿದೆಯೋ ಅವರು ಆ ಕೋಣೆಯಲ್ಲಿ ಇರುವುದು ಅಪರೂಪ.

ಇದರಿಂದ ಏನು ತಪ್ಪಿಹೋಗುತ್ತದೆ ಎಂಬುದನ್ನು ನಮ್ಮ ಕಾಲುವೆಯಿಂದಲೇ ಹೇಳುತ್ತೇವೆ. ನೀರು ಗಂಗಾವತಿ, ಸಿಂಧನೂರು ಭಾಗ ದಾಟಿ ನಮ್ಮ ಕಡೆ ಬರಬೇಕು. ಜಲಾಶಯದಿಂದ ಬಿಟ್ಟ ಕ್ಯೂಸೆಕ್ ಎಷ್ಟು, 69ನೇ ಮೈಲಿನಲ್ಲಿ ಗೇಜ್ ಎಷ್ಟು ಎಂಬುದು ಕಡತದಲ್ಲಿ ಸಿಗುತ್ತದೆ. ಆದರೆ ಬೆಳಗಿನ ಗೇಜ್ ರಾತ್ರಿಯೂ ನಿಂತಿತೇ, ನಡುವೆ ಎಲ್ಲೆಲ್ಲಿ ಪಂಪ್‌ಸೆಟ್ ಇಳಿಸಿದ್ದಾರೆ, ಯಾವ ಉಪಕಾಲುವೆಯಲ್ಲಿ ಹೂಳು ತುಂಬಿದೆ, ಭತ್ತ ತೆನೆಗಟ್ಟುವ ವಾರ ನೀರು ಎಷ್ಟು ದಿನ ತಪ್ಪಿತು ಎಂಬುದನ್ನು ಹೇಳಬೇಕಾದವರು ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ಏರಿಯ ಮೇಲೆ ತಿರುಗುವ ರೈತರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ನಾಡು ನಮ್ಮ ಜಲಾಶಯದ ಕಡೆ ನೋಡಿತು. ಕೊನೆಭಾಗಕ್ಕೆ ನೀರು ಮುಟ್ಟದ ವರ್ಷಗಳಲ್ಲಿ ಹಾಗೆ ಯಾರೂ ನೋಡುವುದಿಲ್ಲ. ನೋಡಬೇಕಾದದ್ದು ಸಮಿತಿಯೇ ಎಂದು ನಾವು ನಂಬಿದ್ದೇವೆ.

ಜನರನ್ನು ಕರೆದು ಕೇಳುವುದು ನಮ್ಮ ವಿಧಾನಮಂಡಲಕ್ಕೆ ಹೊಸದೇನಲ್ಲ. 2024ರ ಜುಲೈನಲ್ಲಿ ಮಂಡನೆಯಾದ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ನಗರದ ನಾಗರಿಕರ ಅಭಿಪ್ರಾಯ ಕೇಳಿತು. ಆಮೇಲೆಯೇ 2025ರ ಮಾರ್ಚ್‌ನಲ್ಲಿ ಮಸೂದೆ ಅಂಗೀಕಾರವಾಯಿತು. ರಾಜಧಾನಿಯ ಆಡಳಿತಕ್ಕೆ ಸಂದ ಈ ತಾಳ್ಮೆ ರಾಯಚೂರಿನ ನೀರಿಗೂ ಸಲ್ಲಬೇಕು. ಕೇಂದ್ರದಲ್ಲಿ 2011ರ ಭೂಸ್ವಾಧೀನ ಮಸೂದೆ ಸುಮಿತ್ರಾ ಮಹಾಜನ್ ಅಧ್ಯಕ್ಷತೆಯ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಯ ಮುಂದೆ ಹೋಗಿತ್ತು. ಖಾಸಗಿ ಕಂಪನಿಗಳಿಗಾಗಿ ಸರ್ಕಾರ ರೈತರ ಜಮೀನು ವಶಪಡಿಸಿಕೊಳ್ಳಬಾರದು ಎಂದು ಆ ಸಮಿತಿ 2012ರಲ್ಲಿ ಬರೆಯಿತು. ಸರ್ಕಾರ ಅದನ್ನು ಒಪ್ಪಲಿಲ್ಲ, ನಿಜ. ಆದರೂ ಆ ಮಾತು ಸಂಸತ್ತಿನ ದಾಖಲೆಯಲ್ಲಿ ಉಳಿದಿದೆ, ಯಾರು ಬೇಕಾದರೂ ತೆಗೆದು ತೋರಿಸಬಹುದು. ನಮ್ಮ ಮಾತಿಗೆ ಅಂಥ ದಾಖಲೆಯೇ ಇಲ್ಲ.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ನೀರಾವರಿ, ಭೂಮಿ, ಪುನರ್ವಸತಿ, ಪಡಿತರದಂಥ ವಿಷಯವನ್ನು ಯಾವುದೇ ಸಮಿತಿ ಕೈಗೆತ್ತಿಕೊಂಡಾಗ, ಇಲಾಖೆಯ ಸಾಕ್ಷ್ಯ ಮುಗಿಸುವ ಮುನ್ನ ಬಾಧಿತ ಜನರಿಗಾಗಿ ಕನಿಷ್ಠ ಒಂದು ವಿಚಾರಣೆ ಕಡ್ಡಾಯವಾಗಬೇಕು. ಅದು ಆಯಾ ಜಿಲ್ಲೆಯಲ್ಲೇ ನಡೆಯಬೇಕು. ಸಮಿತಿಗಳು ಸ್ಥಳ ಪರಿಶೀಲನೆಗೆ ಬರುವುದುಂಟು. ಆದರೆ ಪ್ರವಾಸಿ ಮಂದಿರದಲ್ಲಿ ಅಧಿಕಾರಿಗಳ ಸಭೆ ಮುಗಿಸಿ, ಸಿದ್ಧಪಡಿಸಿಟ್ಟ ಒಂದು ಜಾಗ ನೋಡಿ ಹೊರಟರೆ ಕಾಲುವೆಯ ತುದಿ ಕಾಣುವುದಿಲ್ಲ. ಬರುವ ದಿನ ಮತ್ತು ವಿಷಯವನ್ನು ಹದಿನೈದು ದಿನ ಮೊದಲೇ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಿ, ಡಂಗುರ ಸಾರಿಸಿ. ಕೂಲಿ ಬಿಟ್ಟು ಬರುವ ಸಾಕ್ಷಿಗೆ ಬಸ್ ಚಾರ್ಜು ಮತ್ತು ಆ ದಿನದ ಕೂಲಿ ಕೊಡಿಸಿ. ಗೇಣಿ ರೈತರನ್ನೂ ಹೆಣ್ಣುಮಕ್ಕಳನ್ನೂ ಹೆಸರು ಹಿಡಿದು ಕರೆಯಿಸಿ, ಪಹಣಿಯಲ್ಲಿ ಹೆಸರಿಲ್ಲವೆಂದು ಅವರನ್ನು ಹಿಂದೆ ಕೂರಿಸುವುದು ಬೇಡ.

ಇಲಾಖೆ ಸಮಿತಿಗೆ ಕೊಟ್ಟ ಲಿಖಿತ ಉತ್ತರದ ಪ್ರತಿಯನ್ನು ವಿಚಾರಣೆಗೆ ಮುನ್ನ ಅರ್ಜಿದಾರರಿಗೂ ಕನ್ನಡದಲ್ಲಿ ಕೊಡಬೇಕು. ಅದರಲ್ಲಿ ಏನಿದೆಯೆಂದು ತಿಳಿಯದೆ ನಾವು ಏನನ್ನು ಒಪ್ಪುವುದು, ಏನನ್ನು ಅಲ್ಲಗಳೆಯುವುದು? ಸದಸ್ಯರು ತಮ್ಮೊಳಗೆ ಚರ್ಚಿಸುವ ಸಭೆ ಗೋಪ್ಯವಾಗಿಯೇ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ.

ಇನ್ನು ವರದಿಯ ಗತಿ. 2007ರಲ್ಲಿ ವರದಿ ಕೊಟ್ಟ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಭೂಮಿಯ ಒತ್ತುವರಿಯನ್ನು ಬಯಲಿಗೆ ತಂದಿತು. ಹತ್ತು ವರ್ಷದ ಮೇಲೆ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸಮಿತಿ ಕೆರೆಗಳ ಒತ್ತುವರಿಯ ಬಗ್ಗೆ ಮತ್ತೊಂದು ವರದಿ ಕೊಡಬೇಕಾಯಿತು. ಅಷ್ಟು ಶ್ರಮದ ವರದಿಗಳು ಮಂಡನೆಯೊಂದಿಗೇ ಮುಗಿಯಬಾರದು. ಮೂರು ತಿಂಗಳೊಳಗೆ ಸರ್ಕಾರ ಅನುಪಾಲನಾ ವರದಿ ಮಂಡಿಸಬೇಕು. ಯಾವ ಶಿಫಾರಸು ಒಪ್ಪಿತು, ಯಾವುದನ್ನು ಯಾವ ಕಾರಣಕ್ಕೆ ಬಿಟ್ಟಿತು ಎಂಬುದು ಅದರಲ್ಲಿರಬೇಕು. ವಿಧಾನಸಭೆ ವಿಸರ್ಜನೆಯಾದಾಗ ಅರ್ಧಕ್ಕೆ ನಿಂತ ಅರ್ಜಿಗಳನ್ನು ಹೊಸ ಸಮಿತಿ ತಾನಾಗಿಯೇ ಮುಂದುವರಿಸಬೇಕು. ಅರ್ಜಿದಾರ ಮತ್ತೆ ಮೊದಲಿನಿಂದ ಬರೆದುಕೊಳ್ಳುವಂತೆ ಆಗಬಾರದು.

ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ 2012ರಿಂದ ನಿಂತಿದೆ. ಅಧಿವೇಶನವಿಲ್ಲದ ದಿನಗಳಲ್ಲಿ ಉತ್ತರ ಕರ್ನಾಟಕದ ವಿಷಯಗಳ ಸಮಿತಿ ಸಭೆಗಳನ್ನು ಅಲ್ಲಿ ನಡೆಸಿದರೆ ನಮಗೂ ಬೆಂಗಳೂರಿನ ರಾತ್ರಿ ಪ್ರಯಾಣ ತಪ್ಪುತ್ತದೆ.

ನಮ್ಮಲ್ಲಿ ಹಲವರು ಕಾಲುವೆಯ ಗೇಜನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಸಮಿತಿ ಕರೆದ ದಿನ ಅವನ್ನು ತಂದು ಹಾಜರುಪಡಿಸಲು, ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಲು ಸಿದ್ಧರಿದ್ದೇವೆ. ಈ ಮನವಿಯನ್ನು ಸದನದ ನಿಯಮಾವಳಿ ಪರಿಶೀಲಿಸುವ ಸಮಿತಿಯ ಮುಂದಿಟ್ಟು, ಬರುವ ಬೆಳಗಾವಿ ಅಧಿವೇಶನಕ್ಕೆ ಮುನ್ನ ನಮಗೆ ಲಿಖಿತ ಉತ್ತರ ಕೊಡಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಕೊನೆಭಾಗದ ರೈತರ ಪರವಾಗಿ ಸಹಿದಾರರು
ಸ್ಥಳ: ಸಿರವಾರ