ಬೀಡಿ ಕಟ್ಟಿದ ವರ್ಷಗಳು ಎಲ್ಲಿ ಹೋದವು?

ಉದ್ಯೋಗದ ಅರ್ಜಿಯಲ್ಲಿ ‘ಹಿಂದಿನ ಅನುಭವ’ ಎಂಬುದೊಂದು ಕಲಮು ಇರುತ್ತದಷ್ಟೆ. ನಮ್ಮ ಪುತ್ತಿಗೆ, ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ‘ಇಲ್ಲ’ ಎಂದು ಬರೆಯುತ್ತಾರೆ. ಪಿ.ಯು.ಸಿ. ಮುಗಿಸಿ ಆರೇಳು ವರ್ಷ ಮಡಿಲಲ್ಲಿ ತಡ್ಪೆಯಿಟ್ಟುಕೊಂಡು ಬೀಡಿ ಕಟ್ಟಿದವರು, ಆ ದುಡ್ಡಿನಲ್ಲೇ ಮುಂದೆ ಓದಿದವರು, ತಮ್ಮಂದಿರನ್ನು ಓದಿಸಿದವರು ‘ಇಲ್ಲ’ ಎನ್ನುತ್ತಾರೆ!

ಇದು ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಕಡೆ ಹಣ ನುಂಗಿ ಹೊರಬಿದ್ದವನು ಅದನ್ನು ಮರೆಮಾಚಿ ಇನ್ನೊಂದು ಕಡೆ ಸೇರಿಕೊಂಡರೆ ಅದು ಮೋಸವೇ ಸರಿ. ಆದರೆ ಬೆವರು ಸುರಿಸಿ ಉಂಡದ್ದನ್ನು ಮುಚ್ಚಿಡುವವಳು ಯಾರಿಗೆ ಮೋಸ ಮಾಡಿದಳು ಹೇಳಿ? ಹೊಸ ಧಣಿಗಳಿಗೆ ಅದರಿಂದ ಒಂದು ಕಾಸಿನ ನಷ್ಟವೂ ಇಲ್ಲ. ನಷ್ಟವೆಲ್ಲ ಅವಳದೇ.

ಅವಳಿಗೆ ಈ ನಾಚಿಕೆಯನ್ನು ಕಲಿಸಿದವರು ಯಾರು? ಒಂದು ಶಾಲೆಯ ಸಂದರ್ಶನದಲ್ಲಿ ನಾನೂ ಕುಳಿತಿದ್ದೆ. “ಬೀಡಿ ಕಟ್ಟಿದ ಕೈ ಚಾಕ್‌ಪೀಸು ಹಿಡಿದೀತೇ?” ಎಂದರು ಒಬ್ಬ ಮಹನೀಯರು. ಉಳಿದವರು ನಕ್ಕರು. ಎಲೆ ನೆನೆಹಾಕಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರದ ಲೆಕ್ಕ ತಪ್ಪದಂತೆ ಬ್ರಾಂಚಿಗೆ ಒಪ್ಪಿಸಿ ಬಂದ ಕೈಗೆ ಚಾಕ್‌ಪೀಸು ಭಾರವಾದೀತೇ? ಬೀಡಿ ಸೇದುವುದು ಆರೋಗ್ಯಕ್ಕೆ ಹಾನಿ, ಕಟ್ಟುವವರಿಗೂ ಅದರ ಧೂಳು ಒಳ್ಳೆಯದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ದೋಷವನ್ನು ಬೇರೆ ದಾರಿಯಿಲ್ಲದೆ ಕಟ್ಟಿದ ಹುಡುಗಿಯ ತಲೆಗೇ ಕಟ್ಟುವುದು ಯಾವ ನ್ಯಾಯ?

“ಮಗಾ, ಅದನ್ನೆಲ್ಲ ಬರೆಯಬೇಡ” ಎಂದು ಬುದ್ಧಿ ಹೇಳುವ ಹಿತೈಷಿಗಳೂ ಇದ್ದಾರೆ. ಅವರಿಗೆ ಕಾನೂನಿನ ಮಾತು ನೆನಪಿಸಬೇಕು. ಬೀಡಿ ಕಾರ್ಮಿಕರಿಗೆಂದೇ 1966ರಲ್ಲಿ ಕಾಯಿದೆ ಬಂತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ಅನ್ವಯವಾಯಿತು. ಮನೆಯ ಜಗಲಿಯಲ್ಲಿ ಕುಳಿತು ಕಟ್ಟುವವರೂ ನೌಕರರೇ, ಅವರಿಗೂ ಭವಿಷ್ಯನಿಧಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿತು. ದೇಶದ ದೊಡ್ಡ ನ್ಯಾಯಾಲಯ ನೌಕರಿ ಎಂದು ಒಪ್ಪಿದ್ದನ್ನು ನಮ್ಮ ಊರಿನ ಸಂಚಾಲಕರು ಒಪ್ಪಲಾರರೇ?

ಮಾನದ ಮಾತು ಹಾಗಿರಲಿ, ಹೊಟ್ಟೆಯ ಲೆಕ್ಕವನ್ನಾದರೂ ನೋಡಿ. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳು ತಿಂಗಳು ಪಿಂಚಣಿ ಬರಬೇಕಾದರೆ 10 ವರ್ಷಗಳ ಸೇವೆ ಬೇಕು. ಒಬ್ಬಳು 6 ವರ್ಷ ಬೀಡಿ ಕಟ್ಟಿದಳು, 5 ವರ್ಷ ಖಾಸಗಿ ಶಾಲೆಯಲ್ಲಿ ದುಡಿದಳು, ಎರಡೂ ಕಡೆ ಭವಿಷ್ಯನಿಧಿ ಇತ್ತು ಎನ್ನೋಣ. ಬೇರೆ ಬೇರೆಯಾಗಿ ಎಣಿಸಿದರೆ ಎರಡೂ ಸಾಲದು. ಮೊದಲಿನ ಹಣವನ್ನು ಹಿಂತೆಗೆಯದೆ, ಎರಡನ್ನೂ ಜೋಡಿಸಿಕೊಂಡರೆ 11 ವರ್ಷ; 58 ತುಂಬಿದಾಗ ಪಿಂಚಣಿಗೆ ಹಕ್ಕು. ಹೊಸ ಕೆಲಸಕ್ಕೆ ಸೇರುವಾಗ ತುಂಬುವ ಫಾರ್ಮ್ 11ರಲ್ಲಿ ‘ಈ ಮೊದಲು ಸದಸ್ಯರಾಗಿದ್ದಿರೋ’ ಎಂದು ಕೇಳುವುದು ಇದಕ್ಕೇ. ಅಲ್ಲಿ ನಾಚಿಕೊಂಡು ‘ಇಲ್ಲ’ ಎಂದು ಗೀಚಿದರೆ ಮುದಿತನದ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಂತೆ.

ಇನ್ನೊಂದು ಅನ್ಯಾಯವೂ ಇದೆ. ಕಟ್ಟಿದವಳು ಮಗಳು, ಬ್ರಾಂಚಿನ ಪುಸ್ತಕದಲ್ಲಿರುವುದು ತಾಯಿಯ ಹೆಸರು. ಆ ಮಗಳ ದುಡಿಮೆಗೆ ಕಾಗದದಲ್ಲಿ ಸಾಕ್ಷಿಯೇ ಇಲ್ಲ. ಬಾಯಲ್ಲೂ ಹೇಳದಿದ್ದರೆ ಅದು ನಡೆದೇ ಇಲ್ಲವೆಂದಾಯಿತು.

ಆದ್ದರಿಂದ ತಾಯಂದಿರೇ, ಅಕ್ಕಂದಿರೇ, ಪೆಟ್ಟಿಗೆಯ ತಳದಲ್ಲಿರುವ ಬೀಡಿ ಪುಸ್ತಕವನ್ನು ಎಸೆಯಬೇಡಿ. ಮಗಳ ಕೈಗೆ ಕೊಡಿ. ಶಾಲೆಯ ಸಮಿತಿಯಲ್ಲಿ, ಸಂಘದಲ್ಲಿ ಅರ್ಜಿ ನೋಡಲು ಕುಳಿತ ನಮ್ಮಂಥವರು ‘ಬೀಡಿ ಕೆಲಸ, 6 ವರ್ಷ’ ಎಂಬ ಸಾಲು ಕಂಡಾಗ ನಗುವವರನ್ನು ಅಲ್ಲೇ ತಡೆಯೋಣ. ಆಮೇಲೆ ಆ ಹುಡುಗಿಯರಿಗೆ ‘ನಿಜ ಬರೆಯಿರಿ’ ಎಂದು ಹೇಳುವ ಅಧಿಕಾರ ನಮಗೆ ಬರುತ್ತದೆ.