ಶಿಶುವಿಹಾರದ ಸರದಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ, ಅಜ್ಜಿಯೊಬ್ಬರಿಗೆ ಬಹುಕಾಲ ಅರ್ಥವಾಗದೆ ಉಳಿದ ಸಂಗತಿಯೊಂದಿತ್ತು. ಎರಡು ವರ್ಷದ ಮೊಮ್ಮಗಳನ್ನು ಶಿಶುವಿಹಾರಕ್ಕೆ ಸೇರಿಸಲು ಮಗನೂ ಸೊಸೆಯೂ ಬರ್ಲಿನ್ ನಗರದಲ್ಲಿ ಏಳು ತಿಂಗಳು ಅಲೆದರು. “ಇಲ್ಲಿ ಮಗುವಿನ ಕೈ ಹಿಡಿದು ಅಂಗನವಾಡಿಗೆ ಹೋದರಾಯಿತು, ಟೀಚರು ಹೆಸರು ಬರೆದುಕೊಳ್ಳುತ್ತಾರೆ. ಅಷ್ಟು ದೊಡ್ಡ ದೇಶದಲ್ಲಿ ಒಂದು ಮಗು ಕೂರುವಷ್ಟು ಜಾಗ ಇಲ್ಲವೇ?” ಎಂದು ಅವರು ಪ್ರತಿ ಭಾನುವಾರ ದೂರವಾಣಿಯಲ್ಲಿ ಕೇಳುತ್ತಿದ್ದರು.

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಶಿಶುವಿಹಾರಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರು ಹುಟ್ಟಿದ್ದು ಜರ್ಮನಿಯಲ್ಲಿಯೇ. ಫ್ರೀಡ್ರಿಕ್ ಫ್ರೋಬೆಲ್ 1840ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಅಂಥ ಮೊದಲ ಸಂಸ್ಥೆಯನ್ನು ತೆರೆದನು. 1851ರಲ್ಲಿ ಪ್ರಷ್ಯಾ ಸರಕಾರ ಈ ತೋಟಗಳನ್ನು ನಿಷೇಧಿಸಿತು. 1860ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಫ್ರೋಬೆಲ್ ಬದುಕಿರಲಿಲ್ಲ. ಅವನ ಕಲ್ಪನೆಯಾದರೋ ಲೋಕವೆಲ್ಲ ಸುತ್ತಿ, ನಮ್ಮ ಊರುಗಳಲ್ಲಿಯೂ ಬೇರೆ ಬೇರೆ ಹೆಸರುಗಳಲ್ಲಿ ನೆಲೆನಿಂತಿತು.

ಇಂದು ಆ ದೇಶದಲ್ಲಿ ಹಕ್ಕಿಗೇನೂ ಕೊರತೆಯಿಲ್ಲ. ಮೂರು ವರ್ಷ ತುಂಬಿದ ಮಗುವಿಗೆ 1996ರಿಂದಲೂ, ಒಂದು ವರ್ಷ ತುಂಬಿದ ಮಗುವಿಗೆ 2013ರ ಆಗಸ್ಟ್ 1ರಿಂದಲೂ ಪಾಲನೆಯ ಸ್ಥಳ ಪಡೆಯುವ ಹಕ್ಕನ್ನು ಕಾನೂನು ಕೊಟ್ಟಿದೆ. ಲೈಪ್ಜಿಗ್ ನಗರದ ಮೂವರು ತಾಯಂದಿರು ಸ್ಥಳ ದೊರೆಯದೆ ಕಳೆದುಕೊಂಡ ಸಂಬಳಕ್ಕಾಗಿ ನಗರಾಡಳಿತದ ಮೇಲೆ ದಾವೆ ಹೂಡಿದಾಗ, ಇಂಥ ಪರಿಹಾರ ಕೇಳಲು ತಂದೆತಾಯಂದಿರಿಗೆ ಅವಕಾಶವುಂಟೆಂದು ಅಲ್ಲಿಯ ಉಚ್ಚ ನ್ಯಾಯಪೀಠ 2016ರಲ್ಲಿ ತೀರ್ಪು ನೀಡಿತು. ಆದರೆ ಈ ಹಕ್ಕು ಇರುವುದು ಸ್ಥಳೀಯ ಆಡಳಿತದ ಮೇಲೆಯೇ ಹೊರತು ಯಾವುದೋ ಒಂದು ಶಿಶುವಿಹಾರದ ಮೇಲಲ್ಲ. ಯಾವ ಮಗುವನ್ನು ಸೇರಿಸಿಕೊಳ್ಳಬೇಕೆಂಬುದನ್ನು ಶಿಶುವಿಹಾರವೇ ನಿರ್ಧರಿಸುತ್ತದೆ. ಕೋಣೆ, ಆಟದ ಅಂಗಳ ಎಲ್ಲ ಇದ್ದೂ ತರಬೇತಿ ಪಡೆದ ಶಿಕ್ಷಕಿಯರು ಸಾಲದಿದ್ದರೆ ಸ್ಥಳ ಖಾಲಿಯೆಂದು ಹೇಳುವಂತಿಲ್ಲ. ಹಕ್ಕಿಗೂ ಹಸೆಗೂ ನಡುವಿನ ಈ ಅಂತರದಲ್ಲಿಯೇ ಹೊಸಬರು ಸಿಕ್ಕಿಬೀಳುವುದು.

ಬದಿಯಡ್ಕದ ದಂಪತಿಗಳು ಬರ್ಲಿನ್ ತಲುಪಿದ್ದು ನವೆಂಬರ್ ತಿಂಗಳಿನಲ್ಲಿ. ಗಂಡನಿಗೆ ತಂತ್ರಾಂಶ ಕಂಪೆನಿಯಲ್ಲಿ ಕೆಲಸ. ದಾದಿಯಾಗಿದ್ದ ಹೆಂಡತಿಗೆ ಆಸ್ಪತ್ರೆಯೊಂದರ ಕರೆ ಬಂದಿತ್ತು. ಮಗುವಿಗೆ ಹಗಲಿನ ಆಸರೆ ದೊರೆಯುವವರೆಗೆ ಆಕೆ ಕೆಲಸಕ್ಕೆ ಹೋಗುವಂತಿರಲಿಲ್ಲ. ಆಸ್ಪತ್ರೆಯವರಾದರೂ ಎಷ್ಟು ದಿನ ಕಾದಾರು? ಸರದಿಯಲ್ಲಿ ನಿಂತದ್ದು ಮಗುವಿನ ಹೆಸರು, ತೂಗುತ್ತಿದ್ದುದು ತಾಯಿಯ ಹತ್ತು ವರ್ಷದ ಶ್ರಮ.

ಮೊದಲು ಮನೆಯ ವಿಳಾಸವನ್ನು ಎರಡು ವಾರದೊಳಗೆ ನೋಂದಾಯಿಸಬೇಕು. ಆ ಪತ್ರವಿಲ್ಲದೆ ಮುಂದಿನ ಬಾಗಿಲು ತೆರೆಯದು. ಬಳಿಕ ವಾಸಿಸುವ ವಲಯದ ಯುವಜನ ಕಚೇರಿಗೆ ಅರ್ಜಿ ಹಾಕಿ, ಮಗುವಿಗೆ ದಿನಕ್ಕೆ ಎಷ್ಟು ಗಂಟೆಯ ಪಾಲನೆ ಸಲ್ಲುತ್ತದೆಂದು ತಿಳಿಸುವ ‘ಕಿಟಾ ಗುಟ್‌ಶೈನ್’ ಎಂಬ ಚೀಟಿಯನ್ನು ಪಡೆಯಬೇಕು. ಮಗು ಸೇರಬೇಕಾದ ದಿನಕ್ಕೆ ಒಂಬತ್ತು ತಿಂಗಳು ಮೊದಲಿನಿಂದ ಎರಡು ತಿಂಗಳು ಮೊದಲಿನವರೆಗೆ ಈ ಅರ್ಜಿ ಹಾಕುವ ಅವಧಿ. ಚೀಟಿ ಕೈಗೆ ಬಂದರೆ ನಗರದ ಯಾವ ಭಾಗದ ಶಿಶುವಿಹಾರದಲ್ಲಾದರೂ ಅದು ನಡೆಯುತ್ತದೆ; ಆದರೆ ಶಿಶುವಿಹಾರವನ್ನು ಹುಡುಕಿಕೊಳ್ಳಬೇಕಾದವರು ತಂದೆತಾಯಿಗಳೇ. ಬರ್ಲಿನ್ನಿನಲ್ಲಿ 2018ರ ಆಗಸ್ಟಿನಿಂದ ಪಾಲನೆಗೆ ಶುಲ್ಕವಿಲ್ಲ, ಊಟಕ್ಕೆಂದು ತಿಂಗಳಿಗೆ 23 ಯೂರೋ ಕೊಟ್ಟರೆ ಸಾಕು. ಬೇರೆ ರಾಜ್ಯಗಳಲ್ಲಿ ಪದ್ಧತಿಯೂ ಶುಲ್ಕವೂ ಬೇರೆ.

ದಂಪತಿಗಳು ಮೂವತ್ತಕ್ಕೂ ಹೆಚ್ಚು ಕಡೆ ಪತ್ರ ಬರೆದರು. ಕೆಲವೆಡೆಯಿಂದ ಉತ್ತರವೇ ಬರಲಿಲ್ಲ; ಉಳಿದವರು ಆಗಸ್ಟಿನಲ್ಲಿ ನೋಡೋಣವೆಂದರು. ದೊಡ್ಡ ಮಕ್ಕಳು ಶಾಲೆಗೆ ಹೊರಡುವ ಆ ಕಾಲದಲ್ಲಿಯೇ ಹೆಚ್ಚಿನ ಸ್ಥಳಗಳು ತೆರವಾಗುವುದು. ನವೆಂಬರಿನಲ್ಲಿ ಬಂದವರಿಗೆ ಆಗಸ್ಟ್ ಬಹು ದೂರ. ಪರವಾನಗಿ ಪಡೆದು ತಮ್ಮ ಮನೆಯಲ್ಲಿಯೇ ಒಮ್ಮೆಗೆ ಐದು ಮಕ್ಕಳವರೆಗೆ ನೋಡಿಕೊಳ್ಳುವ ಪಾಲಕಿಯರೂ ಅಲ್ಲಿದ್ದಾರೆಂಬುದು ಇವರಿಗೆ ತಿಳಿದದ್ದು ತಡವಾಗಿ. ಮೊದಲೇ ತಿಳಿದಿದ್ದರೆ ಚಳಿಗಾಲದ ಕೆಲವು ತಿಂಗಳಾದರೂ ಉಳಿಯುತ್ತಿದ್ದವು. ಇನ್ನೊಂದು ಕಾಗದವನ್ನು ಮಾತ್ರ ಅಜ್ಜಿ ಹಟ ಹಿಡಿದು ಪೆಟ್ಟಿಗೆಯಲ್ಲಿ ಇರಿಸಿದ್ದರು: ಮಗುವಿನ ಚುಚ್ಚುಮದ್ದಿನ ಕಾರ್ಡು. 2020ರ ಮಾರ್ಚ್‌ನಿಂದ ಅಲ್ಲಿ ದಡಾರದ ಲಸಿಕೆಯ ದಾಖಲೆಯಿಲ್ಲದೆ ಶಿಶುವಿಹಾರಕ್ಕೆ ಪ್ರವೇಶವಿಲ್ಲ. ಎರಡು ವರ್ಷ ತುಂಬಿದ ಮಗುವಿಗೆ ಎರಡು ಡೋಸು ಆಗಿರಲೇಬೇಕು. ಊರಿನ ಆರೋಗ್ಯ ಕೇಂದ್ರದಲ್ಲಿ ಮುದ್ರೆ ಒತ್ತಿದ ಆ ಕಾರ್ಡನ್ನು ಬರ್ಲಿನ್ನಿನ ಮಕ್ಕಳ ವೈದ್ಯರು ಸಾವಧಾನವಾಗಿ ಓದಿ ತಮ್ಮ ಪುಸ್ತಕಕ್ಕೆ ಬರೆದುಕೊಂಡರು.

ಜೂನಿನಲ್ಲಿ, ಒಂದು ಕುಟುಂಬ ಬೇರೆ ಊರಿಗೆ ಹೋದುದರಿಂದ, ಒಂದು ಸ್ಥಳ ತೆರವಾಯಿತು. ಕೂಡಲೇ ಬರುವಂತೆ ಕರೆ ಬಂತು. ಶಿಕ್ಷಕಿ ಮುಂದಿಟ್ಟ ಹಾಳೆಯಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬ ಸಾಲೊಂದಿತ್ತು. ಇಂಗ್ಲಿಷ್ ಎಂದು ಬರೆಯುವುದು ಕ್ಷೇಮವೆಂದು ಪರಿಚಿತರು ಹೇಳಿಕೊಟ್ಟಿದ್ದರು. ತಾಯಿ ಲೇಖನಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಕನ್ನಡ ಮಾಧ್ಯಮದಲ್ಲಿ ಓದಿ, ಊರಿನ ಕಚೇರಿಗಳಲ್ಲಿ ಮಲೆಯಾಳದ ನಮೂನೆಗಳನ್ನು ಇನ್ನೊಬ್ಬರ ಕೈಯಲ್ಲಿ ಓದಿಸಿಕೊಂಡು ಬೆಳೆದವಳು ಆಕೆ. ತನ್ನ ಭಾಷೆಯ ಹೆಸರು ಹೇಳುವ ಮೊದಲು ಎದುರಿನವರ ಮುಖ ನೋಡುವ ಅಭ್ಯಾಸ ಅವಳದು. ಕೊನೆಗೆ ‘ಕನ್ನಡ’ ಎಂದೇ ಬರೆದಳು.

ಶಿಕ್ಷಕಿ ಆ ಹೆಸರನ್ನು ಎರಡು ಬಾರಿ ಉಚ್ಚರಿಸಿ ನೋಡಿದರು. ಮನೆಯಲ್ಲಿ ಮಗುವಿನೊಡನೆ ಜರ್ಮನ್ ಆಡಲು ಹೋಗಬೇಡಿ, ಅದನ್ನು ನಾವು ಕಲಿಸುತ್ತೇವೆ, ನಿಮ್ಮದನ್ನು ನೀವು ಬಿಡಬೇಡಿ ಎಂದರು. ಬಳಿಕ ಒಂದು ಚೀಟಿ ಕೊಟ್ಟು, ನೀರು, ನಿದ್ದೆ, ನೋವು ಎಂಬುದಕ್ಕೆಲ್ಲ ಮಗು ಏನೆನ್ನುತ್ತದೆಂದು ಬರೆದುಕೊಡುವಂತೆ ಕೇಳಿದರು. ತಾಯಿ ಜರ್ಮನ್ ಅಕ್ಷರಗಳಲ್ಲಿ ಬರೆದುಕೊಟ್ಟು, ಕೊನೆಗೆ ತಾನಾಗಿಯೇ ಇನ್ನೊಂದು ಸಾಲು ಸೇರಿಸಿದಳು.

ಬರ್ಲಿನ್ ಪದ್ಧತಿಯಂತೆ ಮೊದಲ ಮೂರು ದಿನ ತಾಯಿ ಮಗುವಿನೊಡನೆ ಸುಮಾರು ಒಂದು ಗಂಟೆ ಅಲ್ಲಿಯೇ ಕುಳಿತಿರುತ್ತಾಳೆ. ನಾಲ್ಕನೆಯ ದಿನ ಮಗುವಿಗೆ ಹೇಳಿಯೇ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾಳೆ. ಕಣ್ಣು ತಪ್ಪಿಸಿ ಜಾರಿಕೊಳ್ಳುವುದು ಅಲ್ಲಿ ಸಲ್ಲದು. ಆ ದಿನ ಬಾಗಿಲು ಮುಚ್ಚಿದೊಡನೆ ಒಳಗಿನಿಂದ ಅಳು ಕೇಳಿಸಿತು. ಅದರ ಹಿಂದೆಯೇ, ಚೀಟಿ ನೋಡಿ ಓದುತ್ತಿದ್ದ ಶಿಕ್ಷಕಿಯ ಧ್ವನಿ: “ಅಮ್ಮ ಬರ್ತಾರೆ, ಅಮ್ಮ ಬರ್ತಾರೆ.” ಉಚ್ಚಾರ ಪೂರ್ತಿ ತಪ್ಪಾಗಿತ್ತು. ಅಳು ನಿಲ್ಲಲಿಲ್ಲ, ಆದರೆ ತಗ್ಗಿತು. ಹೊರಗೆ ನಿಂತಿದ್ದವಳಿಗೆ ಮಾತ್ರ ಅಳು ತಡೆಯಲಾಗಲಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷದಲ್ಲಿಯೇ. ಇಲ್ಲಿಯೂ ಹಕ್ಕು ಕಾಗದದ ಮೇಲಿದೆ; ಅದನ್ನು ಕೇಳುವ ಮನೆಗಳಿದ್ದರಷ್ಟೇ ಅದಕ್ಕೆ ಜೀವ. ಕೇಳುವವರೇ ಇಲ್ಲವೆಂದಾದರೆ ತರಗತಿಗಳು ಮುಚ್ಚಲು ಬೇರೆ ಕಾರಣ ಬೇಕಾಗದು.

ಈಗ ಅಜ್ಜಿ ಭಾನುವಾರಗಳಲ್ಲಿ ಜಾಗದ ವಿಷಯ ಎತ್ತುವುದಿಲ್ಲ. ಮೊಮ್ಮಗಳು ಮಳೆಗೆಂದೇ ಹೊಲಿದ ರಬ್ಬರು ಚಡ್ಡಿ ತೊಟ್ಟು, ಕೆಸರಿನಲ್ಲಿ ಆಡಿದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾಳೆ. ನಡುವೆ ಮಳೆಗೆ ಜರ್ಮನ್ ಹೆಸರೂ ಬರುತ್ತದೆ. ಇತ್ತ ಪಕ್ಕದ ಮನೆಯವರು ತಮ್ಮ ಮಗುವನ್ನು ಯಾವ ಶಾಲೆಗೆ ಸೇರಿಸುವುದೆಂದು ಕೇಳಲು ಬಂದಿದ್ದರು. ಅಜ್ಜಿ ಉಪದೇಶ ಮಾಡಲಿಲ್ಲ. ಆ ಚೀಟಿಯ ಕಥೆ ಹೇಳಿ, “ಅರ್ಜಿಯಲ್ಲಿ ಮಾತೃಭಾಷೆಯ ಜಾಗದಲ್ಲಿ ಏನು ಬರೆಯುತ್ತೀರಿ, ಅದನ್ನು ಮೊದಲು ನಿಶ್ಚಯಿಸಿ” ಎಂದರು.